ಹಾಲಿಗೆ ಬೆರೆಸಿದ ಹನಿ

ಜನ್ನಾಪುರ, ಭದ್ರಾವತಿ
21 ನವೆಂಬರ್ 2024, ಗುರುವಾರ
ಬೆಳಿಗ್ಗೆ ಹನ್ನೊಂದೂವರೆ

ನನ್ನ ಜಗಳಗಂಟಿ ತಂಗಿ ಲೀಲಾಗೆ,

ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ. ಸೋಮವಾರ ನಿನ್ನ ಭಾವ ಹೊರಗೆ ಹೋಗಿದ್ದಾಗ ಫೋನಿನಲ್ಲಿ ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸಿ, ನಿನ್ನ ಶಾಲೆಯ ನಾಲ್ಕನೇ ಕ್ಲಾಸಿನ ಮಕ್ಕಳನ್ನು ಗದರಿಸಿದ ಹಾಗೆ ಗದರಿಸಿದೆ. ಆಮೇಲೆ ಮೂರು ಸಲ ಫೋನ್ ಮಾಡಿದ್ದೀಯ, ನಾನು ಎತ್ತಲಿಲ್ಲ. ಕೋಪದಿಂದ ಅಲ್ಲ ಮಾರಾಯ್ತಿ. ನಮ್ಮ ಮನೆ ಎಷ್ಟು ದೊಡ್ಡದು ಎಂದು ನಿನಗೆ ಗೊತ್ತಿಲ್ಲವೇ? ನಾನು ಅಡುಗೆಮನೆಯಲ್ಲಿ ಕೆಮ್ಮಿದರೆ ನಿನ್ನ ಭಾವ ಹಾಲ್‌ನಲ್ಲಿ ಕೂತು, ನೀರು ಕುಡಿಯೇ ಅನ್ನುತ್ತಾರೆ. ಆ ಕಿವಿಯ ಮುಂದೆ ಎಣ್ಣೆ, ಬಾಟಲಿ, ಹನಿ ಎಂದು ಮಾತಾಡಲಾದೀತೇ? ವಾಟ್ಸಾಪ್ ಅಂತೂ ಬೇಡವೇ ಬೇಡ. ನನ್ನ ಫೋನಿನಲ್ಲಿ ದಿನಾ ಪೇಪರ್ ಓದುವವರು ಅವರೇ. ಅದಕ್ಕೇ ಈ ಕಾಗದ. ಪಕ್ಕದ ಮನೆಯ ಜ್ಞಾನೇಶ್ ಮಧ್ಯಾಹ್ನ ಓಮ್ನಿಯಲ್ಲಿ ಶಿವಮೊಗ್ಗಕ್ಕೆ ಬಾಡಿಗೆ ಬರುತ್ತಾನೆ, ಕವರನ್ನು ನಿನ್ನ ಶಾಲೆಯ ಗೇಟಿನಲ್ಲಿ ಕೊಡುತ್ತಾನೆ. ಒಳಗೆ ಖಾಲಿ ಬಾಟಲಿ ಇಟ್ಟಿದ್ದೇನೆ. ತುಂಬಿದ್ದೊಂದನ್ನು ಅವನ ಕೈಯಲ್ಲೇ ಕಳಿಸು. ಇಲ್ಲ ಅನ್ನಬೇಡ. ನಿನ್ನೆ ರಾತ್ರಿಗೆ ಮುಗಿದುಹೋಗಿದೆ.

ಮೊದಲು ಒಳ್ಳೆಯ ಸುದ್ದಿ ಕೇಳು. ನಾನು ಇದನ್ನು ಬರೆಯುತ್ತಿರುವ ಹೊತ್ತಿಗೆ ನಿನ್ನ ಭಾವ ಒಳಕೋಣೆಯಲ್ಲಿ ಮಲಗಿದ್ದಾರೆ! ಹಗಲು ಹೊತ್ತು, ಪಕ್ಕದ ಮನೆಯ ಮಿಕ್ಸಿ ಕಿರುಚುತ್ತಿರುವಾಗ, ತರಕಾರಿ ಗಾಡಿಯವನು ಮೈಕಿನಲ್ಲಿ ಟೊಮೆಟೊ ಟೊಮೆಟೊ ಎಂದು ಬಾಯಿ ಬಡಿದುಕೊಳ್ಳುತ್ತಿರುವಾಗ ಮಲಗಿದ್ದಾರೆ. ಹತ್ತು ಗಂಟೆಗೆ ತಲೆ ಇಟ್ಟವರು ಹೊರಳಿಲ್ಲ. ಗೊರಕೆ ಇಲ್ಲಿಯತನಕ ಕೇಳುತ್ತಿದೆ, ಅದೂ ಎಂಥ ಗೊರಕೆ, ಮರ ಕೊಯ್ದ ಹಾಗೆ. ಮದುವೆಯಾಗಿ ಮೂವತ್ತೆಂಟು ವರ್ಷವಾಯಿತು, ಹಗಲಲ್ಲಿ ಇವರು ಹೀಗೆ ಮಲಗಿದ್ದನ್ನು ನಾನು ಕಂಡಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರಲ್ಲ, ಆ ಭಾಗ್ಯ ನಮ್ಮ ಮನೆಗೂ ಬಂತು ನೋಡು.

ನೀನು ಸೋಮವಾರ ನನ್ನನ್ನು ಕೊಲೆಗಾತಿಯನ್ನು ಮಾತಾಡಿಸಿದ ಹಾಗೆ ಮಾತಾಡಿಸಿದೆ. ನಾನು ಯಾವ ಕಷ್ಟಕ್ಕೆ ಈ ಕೆಲಸಕ್ಕೆ ಕೈಹಾಕಿದೆ ಎಂದು ನಿನಗೆ ಮರೆತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮೂವತ್ನಾಲ್ಕು ವರ್ಷ ಅವರು ಕಾರ್ಖಾನೆಯಲ್ಲಿ ಶಿಫ್ಟ್ ದುಡಿದರು. ಒಂದು ವಾರ ಬೆಳಗಿನದು, ಒಂದು ವಾರ ಮಧ್ಯಾಹ್ನದ್ದು, ಒಂದು ವಾರ ರಾತ್ರಿಯದು. ಮೈಗೆ ಯಾವುದು ಹಗಲು ಯಾವುದು ರಾತ್ರಿ ಎಂಬುದೇ ಮರೆತುಹೋಯಿತು. ರಿಟೈರ್ ಆದ ಮೇಲೆ ಸರಿಹೋದೀತು ಅಂದುಕೊಂಡರೆ, ಆರು ವರ್ಷದ ಹಿಂದೆ ಎದೆಯ ವಾಲ್ವ್ ಕೆಟ್ಟು ಆಪರೇಷನ್ ಆಯಿತು. ಹೊಸ ವಾಲ್ವ್ ಕೂರಿಸಿದರು. ಅದರ ಸದ್ದು ನೀನೂ ಕೇಳಿದ್ದೀಯ. ಮೊದಲ ಸಲ ನೋಡಲು ಬಂದಾಗ, ಭಾವ, ನಿಮ್ಮ ವಾಚು ಏನು ಇಷ್ಟು ಜೋರಾಗಿದೆ ಎಂದು ಕೇಳಿದ್ದೆಯಲ್ಲ, ಅವರ ಕೈಯಲ್ಲಿ ವಾಚೇ ಇರಲಿಲ್ಲ! ಎಲ್ಲರೂ ನಕ್ಕೆವು. ಹಗಲಲ್ಲಿ ನಗುವ ಮಾತು ಅದು. ರಾತ್ರಿ ದೀಪ ಆರಿಸಿದ ಮೇಲೆ ಮನೆಯಲ್ಲಿ ಅದೊಂದೇ ಸದ್ದು. ಅವರು ಅದನ್ನು ಕೇಳುತ್ತಾ ಎಚ್ಚರವಿರುತ್ತಿದ್ದರು, ಅವರು ಎಚ್ಚರವಿದ್ದಾರೆ ಎಂದು ನಾನು ಎಚ್ಚರವಿರುತ್ತಿದ್ದೆ. ಸದ್ದು ಕೇಳಿದರೆ ಕಿರಿಕಿರಿ, ಒಂದು ಕ್ಷಣ ಕೇಳದಿದ್ದರೆ ಜೀವ ಬಾಯಿಗೆ ಬರುತ್ತಿತ್ತು.

ಆರು ವರ್ಷದಲ್ಲಿ ಅವರ ರಕ್ತ ತೆಳುಮಾಡುವ ಮಾತ್ರೆ ಒಂದು ದಿನವೂ ತಪ್ಪಿಲ್ಲ. ಇದನ್ನು ನಾನು ಜಂಬದಿಂದಲೇ ಹೇಳುತ್ತೇನೆ. ಸೊಪ್ಪು ಜಾಸ್ತಿ ತಿಂದರೆ ಮಾತ್ರೆಯ ಗುಣ ಕೆಡುತ್ತದೆ ಎಂದರು, ಅಂದಿನಿಂದ ಹರಿವೆ ಸೊಪ್ಪನ್ನು ಹಿಡಿ ಲೆಕ್ಕದಲ್ಲಿ ಹಾಕುತ್ತಿದ್ದೇನೆ. ಪ್ರತಿ ತಿಂಗಳ ಮೊದಲ ಗುರುವಾರ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಬಂದು, ರಕ್ತ ಕೊಡಿಸಿ, ಡಾಕ್ಟರ್ ತ್ರಿವಿಕ್ರಮ ಅವರಿಗೆ ತೋರಿಸಿ, ಹಳದಿ ಪುಸ್ತಕದಲ್ಲಿ ರಕ್ತ ಎಷ್ಟು ತೆಳುವಾಗಿದೆ ಎಂಬ ಸಂಖ್ಯೆ ಬರೆಸಿಕೊಂಡೇ ವಾಪಸು. ಎರಡೂವರೆಗೂ ಮೂರೂವರೆಗೂ ನಡುವೆ ಇರಬೇಕು. ಅಕ್ಟೋಬರ್ ಮೂರಕ್ಕೆ ಎರಡು ಪಾಯಿಂಟ್ ಒಂಬತ್ತು ಇತ್ತು. ಡಾಕ್ಟರೇ ಶಭಾಷ್ ಅಂದರು. ಅವರು ಮೊದಲ ದಿನ ನನಗೆ ಹೇಳಿದ ಮಾತು ನನಗೂ ನೆನಪಿದೆ, ನೀನು ನೆನಪಿಸಬೇಕಾಗಿಲ್ಲ. "ಅಮ್ಮಾ, ಈ ಮಾತ್ರೆ ತಕ್ಕಡಿ ಇದ್ದ ಹಾಗೆ. ಕಮ್ಮಿ ಆದ್ರೆ ವಾಲ್ವ್ ಹತ್ರ ರಕ್ತ ಗಡ್ಡೆ ಕಟ್ಟುತ್ತೆ, ಜಾಸ್ತಿ ಆದ್ರೆ ಎಲ್ಲಿ ಬೇಕಾದ್ರೂ ಸೋರುತ್ತೆ, ತಲೆ ಒಳಗೂ. ಬೇರೆ ಏನೇ ಔಷಧಿ ಕೊಡೋದಿದ್ರೂ, ಮನೆ ಮದ್ದೇ ಆಗಿರ್ಲಿ, ಮೊದಲು ನಂಗೆ ಹೇಳಿ" ಅಂದಿದ್ದರು. ನಾನು ನಿದ್ದೆ ಮಾತ್ರೆ ಬರೆದುಕೊಡಿ ಎಂದು ಎಷ್ಟು ಸಲ ಕೇಳಿದ್ದೇನೆ. ಸಂಜೆ ಕಾಫಿ ಬಿಡಿಸಿ, ವಾಕಿಂಗ್ ಕರ್ಕೊಂಡು ಹೋಗಿ ಅಂತಾರೆ. ಕಾಫಿ ಬಿಟ್ಟು ಎರಡು ವರ್ಷವಾಯಿತು!

ಈಗ ಬಾಟಲಿಯ ವಿಷಯ. ದೀಪಾವಳಿಗೆ ಮೊದಲು ನಿನ್ನ ಮನೆಗೆ ಬಂದಿದ್ದೆನಲ್ಲ. ಮುಟ್ಟು ನಿಲ್ಲುವ ಕಾಲದಲ್ಲಿ ನಿನಗೂ ನಿದ್ದೆ ಕೆಟ್ಟಿತ್ತು, ನಿನ್ನ ಮಗಳು ಸ್ಪಂದನಾ ಫೋನಿನಲ್ಲೇ ಆಯುರ್ವೇದದ ವೈದ್ಯರ ಹತ್ತಿರ ಮಾತಾಡಿಸಿ, ಚೀಟಿ ಬರೆಸಿ, ಆ ವಿಜಯಾ ಎಣ್ಣೆ ತರಿಸಿಕೊಟ್ಟಿದ್ದಳು. ಗಾಂಜಾ ಗಿಡದ ಎಲೆಯಿಂದ ತೆಗೆದದ್ದು, ಆದರೆ ಕಾನೂನು ಪ್ರಕಾರವೇ ಸಿಗುತ್ತದೆ, ಅಮಲು ಏರುವುದಿಲ್ಲ ಎಂದು ನೀನೇ ಹೇಳಿದೆ. ಕೆಲಸ ಮಾಡುತ್ತದೆಯೇ ಎಂದು ಕೇಳಿದರೆ, ನಾಲ್ಕು ದಿನ ನಿದ್ದೆ ಬರುತ್ತೆ, ಮೂರು ದಿನ ಬರಲ್ಲ ಎಂದೆ. ನನ್ನ ಕಣ್ಣ ಕೆಳಗಿನ ಕಪ್ಪು ನೋಡಿ ನಿನಗೇ ಪಾಪ ಅನ್ನಿಸಿ, "ತಗೊಂಡು ಹೋಗಕ್ಕ, ನಿಂಗೂ ನಿದ್ದೆ ಇಲ್ಲ, ರಾತ್ರಿ ಐದು ಹನಿ, ಜಾಸ್ತಿ ಬೇಡ" ಎಂದು ಹೊಸ ಬಾಟಲಿಯನ್ನು ನನ್ನ ಬ್ಯಾಗಿಗೆ ಹಾಕಿದೆ. ನನಗೇ ಎಂದು ತಂದದ್ದು ನಿಜ. ಬಸ್ಸು ಭದ್ರಾವತಿ ಮುಟ್ಟುವಷ್ಟರಲ್ಲಿ ಮನಸ್ಸು ಬದಲಾಯಿತು. ಅವರು ಮಲಗಿದರೆ ನಾನು ಮಲಗುತ್ತೇನೆ, ನಾನು ಮಲಗಿದರೆ ಅವರೇನು ಮಲಗುವುದಿಲ್ಲವಲ್ಲ ಎಂದು ಲೆಕ್ಕ ಹಾಕಿದೆ.

ಅವರಿಗೆ ಹೇಳಿ ಕೊಡಬಹುದಿತ್ತಲ್ಲ ಎಂದು ಕೇಳುತ್ತೀಯ. ಯೋಗೇಶನನ್ನು ಮರೆತೆಯಾ? ಇವರಿಗಿದ್ದ ಒಬ್ಬನೇ ತಮ್ಮ. ಗಾಂಜಾ ಸೇದುವ ಹುಡುಗರ ಜೊತೆ ಸೇರಿ, ಕೆಲಸ ಕಳೆದುಕೊಂಡು, ಕೊನೆಗೆ ರೈಲು ಹಳಿಯ ಪಕ್ಕ ಸಿಕ್ಕ. ಅವನನ್ನು ಮನೆಯಿಂದ ಹೊರಗೆ ಹಾಕಿದ್ದು ಇವರೇ, ಆ ನೋವು ಇನ್ನೂ ಹಸಿಯಾಗಿದೆ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆಗೆ ಕೂತಾಗ ಇವತ್ತಿಗೂ ಅವನ ಹೆಸರು ಹೇಳುತ್ತಾರೆ. ಅಂಥವರ ಮುಂದೆ, ಇದು ಗಾಂಜಾದ ಎಣ್ಣೆ, ಆದರೆ ಒಳ್ಳೆಯ ಗಾಂಜಾ ಎಂದು ಹೇಳಲೇ? ಬಾಟಲಿ ಬೀದಿಗೆ ಹೋಗುತ್ತಿತ್ತು, ನಾನೂ ಅದರ ಹಿಂದೆ ಹೋಗುತ್ತಿದ್ದೆ.

ಮತ್ತೆ, ಗೊತ್ತಾಗದ ಹಾಗೆ ಮದ್ದು ಹಾಕುವುದು ನಮ್ಮ ಮನೆಗೇನು ಹೊಸದೇ? ಅವ್ವ ಅಪ್ಪನ ಸಾರಿಗೆ ಕುಡಿತ ಬಿಡಿಸುವ ಪುಡಿ ಬೆರೆಸುವಾಗ ಬಾಗಿಲಲ್ಲಿ ಕಾವಲು ನಿಂತಿದ್ದವರು ಯಾರು? ನೀನು ಮತ್ತು ನಾನು. ಅಪ್ಪ ವಾಂತಿ ಮಾಡಿಕೊಂಡು ಮಾಡಿಕೊಂಡು ಆರು ತಿಂಗಳಲ್ಲಿ ಕುಡಿತ ಬಿಟ್ಟರು. ಸಾಯುವ ತನಕ ಅವರಿಗೆ ಗೊತ್ತಾಗಲಿಲ್ಲ. ಊರೆಲ್ಲ ಅವ್ವನನ್ನು ಹೊಗಳಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ನಮಗೆ ಕಲಿಸಿದ್ದೇ ಅವಳು. ಅವಳು ಮಾಡಿದರೆ ಪುಣ್ಯ, ನಾನು ಮಾಡಿದರೆ ಪಾಪವೇ?

ಅಕ್ಟೋಬರ್ ಇಪ್ಪತ್ತೊಂಬತ್ತು, ಮಂಗಳವಾರ ಶುರು ಮಾಡಿದೆ. ಎಣ್ಣೆಗೆ ಹಸಿ ಸೊಪ್ಪು ಜಜ್ಜಿದ ವಾಸನೆ, ಸ್ವಲ್ಪ ಕಹಿ. ಹಾಲಿಗೆ ಅರಿಸಿನ, ಮೆಣಸು, ಬೆಲ್ಲ, ಮೇಲೆ ಒಂದು ದೊಡ್ಡ ಚಮಚ ತುಪ್ಪ ಹಾಕಿದೆ. ಏನೇ ಇವತ್ತು ಬಾಣಂತಿ ಹಾಲು ಎಂದು ನಕ್ಕರು, ಲೋಟ ಖಾಲಿ ಮಾಡಿದರು. ಲೀಲಾ, ಆ ರಾತ್ರಿ ನಾನು ಮಲಗಿದ್ದು ಗೊತ್ತು, ಆಮೇಲೆ ಗೊತ್ತಾದದ್ದು ಹಾಲಿನವನ ಬೆಲ್ಲು. ಆರು ವರ್ಷಕ್ಕೆ ಮೊದಲ ಸಲ! ಪಕ್ಕದಲ್ಲಿ ಅವರು ಕಣ್ಣು ಮುಚ್ಚಿ, ಮಗುವಿನ ಹಾಗೆ ಮಲಗಿದ್ದರು. ನಿದ್ದೆ ಬಂತಾ ಎಂದರೆ, ಚೆನ್ನಾಗಿ ಬಂತು ಕಣೇ ಎಂದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಅಂದಿನಿಂದ ದಿನವೂ ಹಾಗೆಯೇ. ಐದು ಹನಿ, ನೀನು ಹೇಳಿದಷ್ಟೇ, ಒಂದು ಹನಿ ಹೆಚ್ಚಿಲ್ಲ.

ಐದೇ ಹನಿಯಾದರೆ ಎರಡು ತಿಂಗಳು ಬರಬೇಕಾದ ಬಾಟಲಿ ಇಪ್ಪತ್ಮೂರು ದಿನಕ್ಕೆ ಹೇಗೆ ಮುಗಿಯಿತು ಎಂದು ಟೀಚರಮ್ಮ ಕೇಳಿಯೇ ಕೇಳುತ್ತಾಳೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಜ್ಞಾನೇಶನ ಮನೆಯ ಬೆಕ್ಕು ಕಿಟಕಿಯಿಂದ ನುಗ್ಗಿ ಶೆಲ್ಫಿನಿಂದ ಬೀಳಿಸಿತು. ಅರ್ಧಕ್ಕರ್ಧ ಚೆಲ್ಲಿಹೋಯಿತು. ಆ ಬೆಕ್ಕಿಗೆ ನಾನು ಇಟ್ಟ ಶಾಪ ಅಷ್ಟಿಷ್ಟಲ್ಲ.

ಸೋಮವಾರ ನೀನು ಹೇಳಿದ್ದನ್ನು ನಾನು ತಳ್ಳಿಹಾಕಿಲ್ಲ, ಯೋಚನೆ ಮಾಡಿದ್ದೇನೆ. ಬಿ.ಫಾರ್ಮ ಎರಡನೇ ವರ್ಷದ ಸ್ಪಂದನಾ ಹೇಳಿದಳಂತೆ: ಈ ಎಣ್ಣೆಯಿಂದ ನಿದ್ದೆ ಬರುತ್ತದೆ ಎಂಬುದಕ್ಕೇ ಗಟ್ಟಿ ಆಧಾರವಿಲ್ಲ, ಪರೀಕ್ಷೆ ಮಾಡಿದಾಗ ಕೆಲವರಿಗೆ ಬಂತು, ಕೆಲವರಿಗೆ ಇಲ್ಲ, ಔಷಧಿ ಇಲ್ಲದ ಬರೀ ಎಣ್ಣೆ ಕುಡಿದವರೂ ನಿದ್ದೆ ಬಂತು ಅಂದರು ಅಂತ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಯಿತು ಅವಳ ಮಾತು. ಬರೀ ಎಣ್ಣೆ ಕುಡಿದವರಿಗೆ ಔಷಧಿ ಕುಡಿದೆವು ಎಂಬ ನಂಬಿಕೆ ಇರುತ್ತದೆ, ಒಪ್ಪಿದೆ. ನಿನ್ನ ಭಾವನಿಗೆ ಹಾಲಿನಲ್ಲಿ ಏನಿದೆ ಎಂದೇ ಗೊತ್ತಿಲ್ಲವಲ್ಲ! ಗೊತ್ತಿಲ್ಲದವರಿಗೆ ನಂಬಿಕೆ ಎಲ್ಲಿಂದ ಬಂತು? ಇದಕ್ಕೆ ನಿನ್ನ ಮಗಳ ಪುಸ್ತಕದಲ್ಲಿ ಉತ್ತರ ಇದ್ದರೆ ಬರೆದು ಕಳಿಸಲಿ.

ಇನ್ನೊಂದು ಮಾತು ಹೇಳಿದೆ ನೀನು, ಅದು ಸ್ವಲ್ಪ ಚುಚ್ಚಿತು. "ಅಕ್ಕಾ, ಆ ಎಣ್ಣೆ ಭಾವನ ಮಾತ್ರೆ ಮೈಯಿಂದ ಹೊರಗೆ ಹೋಗದ ಹಾಗೆ ತಡೆಯುತ್ತಂತೆ, ಒಂದು ಮಾತ್ರೆ ಎರಡು ಮಾತ್ರೆ ಆದ ಹಾಗೆ. ಇವತ್ತೇ ನಿಲ್ಸು, ಇವತ್ತೇ ಡಾಕ್ಟ್ರ ಹತ್ರ ಹೋಗು, ನೀನು ಹೇಳಲ್ಲ ಅಂದ್ರೆ ನಾನೇ ಭಾವಂಗೆ ಹೇಳ್ತೀನಿ" ಎಂದು ಕೂಗಿದೆ. ಬಾಟಲಿಯ ಜೊತೆ ಬಂದ ಚೀಟಿಯಲ್ಲೂ ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಗೇ ಇದೆ, ಓದಿದ್ದೇನೆ. ಆದರೆ ಅಂಥ ಚೀಟಿ ತಲೆನೋವಿನ ಮಾತ್ರೆಯ ಡಬ್ಬದಲ್ಲೂ ಇರುತ್ತದೆ ಕಣೇ. ಅದನ್ನೆಲ್ಲ ಓದುತ್ತಾ ಕೂತರೆ ಯಾರೂ ಯಾವ ಔಷಧಿಯನ್ನೂ ನುಂಗುವಂತಿಲ್ಲ.

ಡಾಕ್ಟರ ಹತ್ತಿರ ಹೋಗಲಿಲ್ಲವೇ ಎಂದರೆ, ಇಲ್ಲ, ಹೋಗಲಿಲ್ಲ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ನವೆಂಬರ್ ಏಳಕ್ಕೆ ರಕ್ತ ಪರೀಕ್ಷೆ ಇತ್ತು. ಹಿಂದಿನ ದಿನ ಪೇಪರಿನಲ್ಲಿ ಸುದ್ದಿ ಓದಿದೆ, ಗಾಂಜಾ ಸೇದಿದ ಹುಡುಗರನ್ನು ಪೊಲೀಸರು ಆಸ್ಪತ್ರೆಗೆ ಕರೆದೊಯ್ದು ಪರೀಕ್ಷೆ ಮಾಡಿಸಿದರೆ ಗೊತ್ತಾಗಿಬಿಟ್ಟಿತಂತೆ. ಇವರ ರಕ್ತ ತೆಗೆದು, ಚಂದ್ರಶೇಖರಪ್ಪನವರೇ, ನಿಮ್ಮ ರಕ್ತದಲ್ಲಿ ಗಾಂಜಾ ಇದೆಯಲ್ಲ ಎಂದು ನಾಲ್ಕು ಜನರ ಮುಂದೆ ಕೇಳಿದರೆ? ಆ ಮುಖವನ್ನು ನಾನು ನೋಡಲಾರೆ. ಡಾಕ್ಟರು ಊರಲ್ಲಿಲ್ಲವಂತೆ, ಡಿಸೆಂಬರಿಗೆ ಬರಬೇಕಂತೆ ಎಂದು ಹೇಳಿಬಿಟ್ಟೆ. ಅವರು ಒಂದು ಮಾತೂ ಕೇಳಲಿಲ್ಲ. ನಾನು ಹೇಳಿದೆ ಎಂದಮೇಲೆ ಮುಗಿಯಿತು, ಆರು ವರ್ಷದಿಂದ ಅವರ ಮೈಯ ಲೆಕ್ಕವೆಲ್ಲ ನನ್ನ ಕೈಯಲ್ಲೇ ಬಿಟ್ಟಿದ್ದಾರೆ.

ಒಂದು ನಾಲ್ಕು ದಿನದಿಂದ ಬ್ರಷ್ ಮಾಡುವಾಗ ಉಗುಳು ಕೆಂಪಗೆ ಬರುತ್ತಿದೆ. ಬ್ರಷ್ಷು ಹಳೆಯದು, ಮೆತ್ತಗಿನದು ತಂದುಕೊಟ್ಟೆ. ಎಡತೋಳಿನಲ್ಲಿ ಅಂಗೈಯಗಲದ ಕಲೆ ಎದ್ದಿದೆ, ನೇರಳೆ ಹಣ್ಣಿನ ಬಣ್ಣ. ಬಸ್ಸಿನ ಕಂಬಿ ತಾಗಿರಬೇಕು ಅಂದರು. ಬಸ್ಸು ಹತ್ತಿ ಒಂದೂವರೆ ತಿಂಗಳಾಯಿತು, ಆದರೂ ಇರಬಹುದು. ಭಾನುವಾರ ಬಲಗಣ್ಣಿನ ಬಿಳಿಯಲ್ಲಿ ಕುಂಕುಮ ಚೆಲ್ಲಿದ ಹಾಗೆ ರಕ್ತ ಕೂತಿತ್ತು. ಉಷ್ಣ ಎಂದು ಮೆಂತ್ಯ ನೆನೆಸಿ ಕೊಟ್ಟೆ. ಇಷ್ಟನ್ನೂ ಬರೆಯುತ್ತಿದ್ದೇನೆ, ನೋಡು, ಏನೂ ಮುಚ್ಚಿಡುತ್ತಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ವಭಾವ ನನ್ನದಲ್ಲ.

ನಿನ್ನೆ ಬೆಳಿಗ್ಗೆ ದೇವರ ಕೋಣೆಯಿಂದ ಎದ್ದು ಬರುವಾಗ ಬಾಗಿಲ ಮೇಲಿನ ಪಟ್ಟಿ ತಲೆಗೆ ತಾಗಿತು. ಜೋರಾಗೇನಲ್ಲ, ನಾನೂ ವಾರಕ್ಕೊಂದು ಸಲ ಬಡಿಸಿಕೊಳ್ಳುತ್ತೇನೆ. ಬುಗುಟೆ ಕೂಡ ಬರಲಿಲ್ಲ. ಸಂಜೆಯಿಂದ ತಲೆ ಭಾರ ಎಂದರು. ಇವತ್ತು ಬೆಳಿಗ್ಗೆ ತಿಂದ ಉಪ್ಪಿಟ್ಟು ಎರಡು ಸಲ ವಾಂತಿಯಾಯಿತು. ಪಿತ್ತ ಅಷ್ಟೇ. ಜೀರಿಗೆ ಕಷಾಯ ಕೊಟ್ಟೆ, ಹಣೆಗೆ ಅಮೃತಾಂಜನ ಹಚ್ಚಿದೆ. "ನಿದ್ದೆ ಬರ್ತಿದೆ ಕಣೇ ಜಯಾ, ಕಣ್ಣು ಬಿಡಕ್ಕೇ ಆಗ್ತಿಲ್ಲ" ಎಂದು ಮಲಗಿದರು. ಆರು ವರ್ಷದಿಂದ ನಾನು ಕಾದಿದ್ದ ಮಾತು ಅದು.

ಆದ್ದರಿಂದ ಲೀಲಾ, ನಿನ್ನ ಕಾಲಿಗೆ ಬೀಳುತ್ತೇನೆ ಅಂದುಕೋ, ಅಕ್ಕ ಬಿದ್ದರೆ ನಿನಗೇ ಪಾಪ ಸುತ್ತಿಕೊಳ್ಳುತ್ತದೆ. ಇನ್ನೊಂದೇ ಬಾಟಲಿ ಕಳಿಸು. ಇವತ್ತು ರಾತ್ರಿ ಎಣ್ಣೆ ಇಲ್ಲದೆ ಮತ್ತೆ ಆ ಹಳೆಯ ಎಚ್ಚರಕ್ಕೆ ಹೋಗುವುದನ್ನು ನೆನೆಸಿಕೊಂಡರೆ ನನಗೆ ಹುಚ್ಚು ಹಿಡಿದಂತಾಗುತ್ತದೆ. ಡಿಸೆಂಬರ್ ಪರೀಕ್ಷೆಗೆ ಹತ್ತು ದಿನ ಮೊದಲು ನಿಲ್ಲಿಸುತ್ತೇನೆ, ರಕ್ತದಲ್ಲಿ ಏನೂ ಸಿಗುವುದಿಲ್ಲ, ಆಣೆ. ಭಾನುವಾರ ಬರುತ್ತೇನೆ ಎಂದು ಮೆಸೇಜ್ ಹಾಕಿದ್ದೀಯ. ಬಾ, ರೊಟ್ಟಿ ಎಣ್ಣೆಗಾಯಿ ಮಾಡುತ್ತೇನೆ. ಆದರೆ ಭಾವನ ಮುಂದೆ ಬಾಯಿ ಬಿಡಬೇಡ. ನನ್ನ ಸಂಸಾರ ಈಗ ನಿನ್ನ ನಾಲಿಗೆಯ ಮೇಲಿದೆ.

ಸ್ಪಂದನಾಗೆ ದೊಡ್ಡಮ್ಮನ ಮುತ್ತು. ಅವಳ ಮೇಲೆ ನನಗೆ ಕೋಪವಿಲ್ಲ, ಬುದ್ಧಿವಂತೆ.

ನಿನ್ನ ಬೈಗುಳಕ್ಕೂ ಬಾಟಲಿಗೂ ಒಟ್ಟಿಗೇ ಕಾಯುತ್ತಿರುವ
ಅಕ್ಕ,
ಜಯಶೀಲಾ

ತಾ.ಕ.: ಹನ್ನೆರಡೂ ಮುಕ್ಕಾಲು. ಜ್ಞಾನೇಶ್ ಬೇಗನೇ ಬಂದ, ಬಾಡಿಗೆಯವರು ಅವಸರ ಮಾಡುತ್ತಿದ್ದಾರಂತೆ. ಮೆಲ್ಲಗೆ ಮಾತಾಡೋ, ಅಂಕಲ್ ಮಲಗಿದ್ದಾರೆ ಎಂದೆ. ಅವನು ಅಂದ: "ಮಲಗ್ಲಿ ಬಿಡಿ ಆಂಟಿ, ರಾತ್ರಿಯೆಲ್ಲ ಎದ್ದೇ ಇರ್ತಾರಲ್ಲ." ಏನೋ ಅದು ಎಂದು ಕೇಳಿದೆ. ಇವನು ರೈಲಿಗೆ ಹೋಗುವವರನ್ನು ಸ್ಟೇಷನ್ನಿಗೆ ಬಿಟ್ಟು ಬೆಳಗಿನ ಜಾವ ನಾಲ್ಕಕ್ಕೆ ಬರುತ್ತಾನಲ್ಲ, ದಿನವೂ ಇವರು ಹೊರಗಿನ ಕಟ್ಟೆಯ ಮೇಲೆ ಶಾಲು ಹೊದ್ದು ಕೂತಿರುತ್ತಾರಂತೆ. ದೀಪಾವಳಿಗೆ ಮೊದಲೂ ಕೂರುತ್ತಿದ್ದರು, ಈಗಲೂ ಕೂರುತ್ತಾರೆ, ಒಂದು ದಿನವೂ ತಪ್ಪಿಲ್ಲವಂತೆ. ಯಾಕೆ ಅಂಕಲ್ ಎಂದು ಕೇಳಿದ್ದಕ್ಕೆ, "ನಿಮ್ಮ ಆಂಟಿ ಈಗ ಚೆನ್ನಾಗಿ ಮಲಗ್ತಾಳೆ ಮಾರಾಯ. ನಂಗೂ ನಿದ್ದೆ ಬರ್ತಿದೆ ಅಂತ ಅಂದ್ಕೊಂಡಿದಾಳೆ, ಅದ್ಕೇ ಮಲಗ್ತಾಳೆ. ಹಾಲಿನವನು ಬರೋಷ್ಟರಲ್ಲಿ ಹೋಗಿ ಕಣ್ಣು ಮುಚ್ಕೊಂಡು ಬಿದ್ಕೊಳ್ತೀನಿ. ಅವಳಿಗೆ ಹೇಳ್ಬೇಡ" ಅಂದರಂತೆ.

ಲೀಲಾ, ಎಣ್ಣೆಯಿಂದ ಒಂದು ರಾತ್ರಿಯೂ ಅವರಿಗೆ ನಿದ್ದೆ ಬಂದಿಲ್ಲ. ಮಲಗಿದ್ದು ನಾನು. ಹಾಗಾದರೆ ಈಗ ಬಂದಿರುವುದು ಯಾವ ನಿದ್ದೆ? ಎಬ್ಬಿಸಿ ನೋಡುತ್ತೇನೆ.

ಡಾಕ್ಟರ್ ತ್ರಿವಿಕ್ರಮ ಅವರಿಗೆ,

ಯಜಮಾನರನ್ನು ಓಮ್ನಿಯಲ್ಲಿ ಮಲಗಿಸಿಕೊಂಡು ನಿಮ್ಮಲ್ಲಿಗೇ ಬರುತ್ತಾ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸಿ. ಮಾಚೇನಹಳ್ಳಿ ದಾಟಿದೆವು. ಮೇಲಿನದೆಲ್ಲ ನನ್ನ ತಂಗಿಗೆ ಬರೆದದ್ದು. ಅವಳಿಗೆ ಕೊಡುತ್ತಿಲ್ಲ, ನಿಮ್ಮ ಕೈಗೆ ಕೊಡುತ್ತೇನೆ. ಅಲ್ಲಿಗೆ ಬಂದ ಮೇಲೆ, ಬೇರೆ ಏನಾದರೂ ಕೊಟ್ಟಿದ್ದೀರಾ ಎಂದು ನೀವು ಕೇಳಿದರೆ ನನ್ನ ಬಾಯಿ ಇಲ್ಲ ಎಂದುಬಿಡುತ್ತದೆ, ನನಗೆ ನನ್ನ ಬಾಯಿಯ ಮೇಲೆ ನಂಬಿಕೆ ಇಲ್ಲ. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ಎಬ್ಬಿಸಿದಾಗ ಎಡಗಣ್ಣು ಮಾತ್ರ ಬಿಟ್ಟರು. ಯೋಗೇಶ, ಲೈಟ್ ಆರ್ಸೋ ಎಂದರು. ಅದು ಸತ್ತ ತಮ್ಮನ ಹೆಸರು. ಎಡಗೈ ಎತ್ತಲು ಆಗುತ್ತಿಲ್ಲ. ಆಮೇಲೆ ಮಾತಿಲ್ಲ, ಉಸಿರು ಮಾತ್ರ ಜೋರಾಗಿದೆ. ತಲೆಗೆ ಬಾಗಿಲ ಪಟ್ಟಿ ತಾಗಿದ್ದು ನಿನ್ನೆ ಬೆಳಿಗ್ಗೆ ಆರು ಗಂಟೆಗೆ. ನಿಮ್ಮ ಮಾತ್ರೆಯನ್ನು ನಿನ್ನೆ ಸಂಜೆಯೂ ಕೊಟ್ಟಿದ್ದೇನೆ. ನವೆಂಬರ್ ಪರೀಕ್ಷೆ ಆಗಿಲ್ಲ, ತಪ್ಪಿಸಿದ್ದು ನಾನು, ಅವರಲ್ಲ.

ಬೆಕ್ಕು ಬಾಟಲಿ ಬೀಳಿಸಿದ್ದು ಸುಳ್ಳು. ಒಂದು ಹನಿಯೂ ಚೆಲ್ಲಿಲ್ಲ. ಮೊದಲ ವಾರ ಐದು ಹನಿ. ಎರಡನೇ ವಾರ ಹತ್ತು. ಆಮೇಲೆ ಒಂಬತ್ತು ರಾತ್ರಿ ಇಪ್ಪತ್ತಿಪ್ಪತ್ತು, ತುಪ್ಪದ ಹಾಲಿನಲ್ಲಿ. ತಂಗಿ ನಿಲ್ಲಿಸು ಎಂದ ಮೇಲೂ ಮೂರು ರಾತ್ರಿ ಕೊಟ್ಟಿದ್ದೇನೆ. ನಿನ್ನೆ ಬಾಟಲಿಯ ತಳದಲ್ಲಿ ಅಂಟಿದ್ದನ್ನು ಬಿಸಿ ಹಾಲಿನಿಂದ ತೊಳೆದು ಅದನ್ನೂ ಕುಡಿಸಿದೆ. ಬಾಟಲಿಯೂ ಚೀಟಿಯೂ ಇದೇ ಕವರಿನಲ್ಲಿವೆ. ತಂಗಿ ಅದನ್ನು ಕೊಟ್ಟದ್ದು ನನಗೆ, ಅವರಿಗಲ್ಲ. ಅವಳ ತಪ್ಪಿಲ್ಲ.

ಅವರಿಗೆ ಇದು ಯಾವುದೂ ಗೊತ್ತಿಲ್ಲ. ಎಚ್ಚರವಾದರೆ ಈ ಕಾಗದವನ್ನು ಅವರಿಗೇ ಓದಲು ಕೊಡಿ. ಓದಿ ಮುಗಿಸಿ ಕರೆದರೆ ಬರುತ್ತೇನೆ, ಕರೆಯದಿದ್ದರೂ ಹೊರಗೆ ಬೆಂಚಿನ ಮೇಲೆಯೇ ಇರುತ್ತೇನೆ.